ವ್ಯಸನದ ಮೂಲವೂ ಶರಣಮಾರ್ಗವೂ

ಕನ್ನಡ ನುಡಿಯಲ್ಲಿ ‘ವ್ಯಸನ’ವೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಬಂಧುಗಳನ್ನು ಕಳೆದುಕೊಂಡವರ ಮನೆಗೆ ಹೋದ ಹಿರಿಯರು ‘ವ್ಯಸನಪಡಬೇಡಿರಿ’ ಎಂದು ಸಮಾಧಾನ ಹೇಳುವರು. ಅಲ್ಲಿ ವ್ಯಸನವೆಂದರೆ ದುಃಖ. ಕುಡಿತ, ಜೂಜುಗಳಿಗೆ ಬಿದ್ದವನನ್ನು ಕಂಡು ‘ಇವನು ವ್ಯಸನಿ’ ಎನ್ನುವರು. ಇಲ್ಲಿ ವ್ಯಸನವೆಂದರೆ ಬಿಡಲಾರದ ದುಶ್ಚಟ. ಸಂಸ್ಕೃತದಿಂದ ಬಂದ ಈ ಒಂದೇ ಶಬ್ದವು ದುಃಖಕ್ಕೂ ಚಟಕ್ಕೂ ಸಲ್ಲುತ್ತಿರುವುದನ್ನು ವಿಚಾರಿಸಿ ನೋಡಿದಲ್ಲಿ ಅದರೊಳಗೆ ದೊಡ್ಡದೊಂದು ಸತ್ಯವು ಅಡಗಿರುವುದು ಗೋಚರಿಸುತ್ತದೆ. ಬಹುಮಟ್ಟಿಗೆ ದುಃಖವೇ ಚಟಕ್ಕೆ ಬೀಜ. ಚಟವು ಬಿಡುವ ಫಲವೂ ದುಃಖವೇ. ಈ ಬೀಜ-ಫಲಗಳ ಸಂಬಂಧವನ್ನು ತಿಳಿಯದೆ ವ್ಯಸನಿಯನ್ನು ತಿದ್ದಲು ಹೊರಡುವವನು ಬೇರನ್ನು ನೆಲದಲ್ಲಿಯೇ ಬಿಟ್ಟು ಎಲೆಗಳನ್ನು ತರಿದವನಂತಾಗುವನು.

ಲೋಕದಲ್ಲಿ ವ್ಯಸನಿಯ ವಿಷಯವಾಗಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ‘ಅವನು ನೀತಿಗೆಟ್ಟವನು, ಮನಸ್ಸು ಮಾಡಿದರೆ ನಾಳೆಯೇ ಬಿಡಬಲ್ಲನು, ಬಿಡದಿರುವುದು ಅವನ ಕೊಬ್ಬು’ ಎಂಬುದು ಒಂದು. ‘ಅವನ ಹಣೆಯಲ್ಲಿ ಬರೆದದ್ದು ಹಾಗೆ, ಯಾರೇನು ಮಾಡಲಾದೀತು’ ಎಂಬುದು ಇನ್ನೊಂದು. ಮೊದಲನೆಯ ಮಾತು ದಯೆಯನ್ನು ಕೊಲ್ಲುತ್ತದೆ. ಎರಡನೆಯದು ಪ್ರಯತ್ನವನ್ನು ಕೊಲ್ಲುತ್ತದೆ. ದಯೆಯನ್ನು ಧರ್ಮದ ಮೂಲವೆಂದು ಬಗೆದು, ಕಾಯಕವನ್ನು ಬದುಕಿನ ಆಧಾರವೆಂದು ಸಾರಿದ ಶಿವಶರಣರ ದಾರಿಯಲ್ಲಿ ನಡೆಯಬೇಕಾದ ಗೃಹಸ್ಥನಿಗೆ ಇವೆರಡೂ ಸಲ್ಲತಕ್ಕವಲ್ಲ. ಆದುದರಿಂದ ಮನುಷ್ಯನು ವ್ಯಸನಕ್ಕೆ ಏತಕ್ಕೆ ಬೀಳುವನು, ಬಿದ್ದವನಿಗೆ ಏಳುವುದು ಏತಕ್ಕೆ ಅಷ್ಟು ಕಷ್ಟವಾಗುವುದು ಎಂಬುದನ್ನು ಮೊದಲು ವಿವೇಕದಿಂದ ಅರಿಯಬೇಕು.

ಹಾಳಾಗಬೇಕೆಂಬ ಸಂಕಲ್ಪದಿಂದ ಯಾರೂ ಮೊದಲ ಬಟ್ಟಲನ್ನು ಎತ್ತುವುದಿಲ್ಲ. ಹೊಲದಲ್ಲಿಯೋ ಕಲ್ಲುಗಣಿಯಲ್ಲಿಯೋ ದಿನವಿಡೀ ದುಡಿದವನು ಮೈಕೈ ನೋವನ್ನು ಮರೆಯಲೆಂದು ಕುಡಿಯುವನು. ಮಳೆ ಕೈಕೊಟ್ಟು ಸಾಲ ಬೆಳೆದವನು ಒಂದು ರಾತ್ರಿಯಾದರೂ ಚಿಂತೆಯಿಲ್ಲದ ನಿದ್ರೆ ಬರಲೆಂದು ಕುಡಿಯುವನು. ಎಳೆಯ ಹುಡುಗನು ಜಾತ್ರೆಯಲ್ಲಿಯೋ ಚುನಾವಣೆಯ ಗದ್ದಲದಲ್ಲಿಯೋ ಗೆಳೆಯರ ನಡುವೆ ತಾನು ಹೇಡಿಯೆನಿಸಬಾರದೆಂದು ಕುಡಿಯುವನು. ಬಾಲ್ಯದಲ್ಲಿ ಹೊಡೆತ, ತಿರಸ್ಕಾರಗಳನ್ನು ಉಂಡು ಬೆಳೆದವನು ಒಳಗಿನ ಭಯವನ್ನು ಅಡಗಿಸಲೆಂದು ಕುಡಿಯುವನು. ಗುಟಖಾ, ಗಾಂಜಾ, ನಿದ್ರೆಯ ಮಾತ್ರೆಗಳ ಕಥೆಯೂ ಬಹುಶಃ ಇದೇ. ಒಬ್ಬನನ್ನು ನೋವು ಕರೆದೊಯ್ಯುವುದು. ಒಬ್ಬನನ್ನು ಸಂಗವು ಕರೆದೊಯ್ಯುವುದು. ಒಬ್ಬನನ್ನು ಬರಿಯ ಕುತೂಹಲವು ಕರೆದೊಯ್ಯುವುದು.

ಇಲ್ಲಿ ವಂಶದ ಪಾಲೂ ಇಲ್ಲದಿಲ್ಲ. ಮದ್ಯಕ್ಕೆ ಅಧೀನರಾಗುವುದರಲ್ಲಿ ಮನುಷ್ಯರೊಳಗೆ ಕಂಡುಬರುವ ವ್ಯತ್ಯಾಸದ ಸುಮಾರು ಅರ್ಧಭಾಗವು ರಕ್ತಸಂಬಂಧದಿಂದ ಬಂದುದೆಂದು ಅವಳಿಮಕ್ಕಳನ್ನೂ ದತ್ತಕ ಹೋದ ಮಕ್ಕಳನ್ನೂ ಕುರಿತು ನಡೆದ ಅಧ್ಯಯನಗಳಿಂದ ತಿಳಿದುಬಂದಿದೆ. ಹತ್ತು ಜನ ಕೂಡಿ ಒಂದೇ ದಿನ ಕುಡಿಯಲಾರಂಭಿಸಿದರೂ ಹತ್ತು ಜನರೂ ವ್ಯಸನಿಗಳಾಗರು. ಅವರಲ್ಲಿ ಯಾರ ದೇಹವು ಅದಕ್ಕೆ ಬೇಗನೆ ಸೋಲುವುದೆಂದು ಮೊದಲೇ ಹೇಳಬಲ್ಲವರಿಲ್ಲ. ಮಿದುಳು ಇನ್ನೂ ಬೆಳೆಯುತ್ತಿರುವ ಹದಿಹರೆಯದಲ್ಲಿ ಆರಂಭಿಸಿದವನಿಗೆ ಅಪಾಯವು ಇನ್ನೂ ಹೆಚ್ಚು. ಹೀಗಿರಲು ಕುಡಿದೂ ಕೆಡದೆ ಉಳಿದವನು ಅದನ್ನು ತನ್ನ ಮನೋಬಲವೆಂದು ಹೆಮ್ಮೆಪಟ್ಟುಕೊಂಡು, ಕೆಟ್ಟವನನ್ನು ಹೀಯಾಳಿಸುವುದಕ್ಕೆ ಏನು ಆಧಾರವಿದೆ?

ಇನ್ನು ದೇಹದೊಳಗೆ ನಡೆಯುವುದೇನು? 1954ರಲ್ಲಿ ಕೆನಡಾ ದೇಶದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬ ವಿದ್ವಾಂಸರು ಇಲಿಗಳ ಮಿದುಳಿನ ಒಂದು ಭಾಗಕ್ಕೆ ಸಣ್ಣ ತಂತಿಯನ್ನು ಸೇರಿಸಿ, ಒಂದು ಸನ್ನೆಯನ್ನು ಒತ್ತಿದಾಗ ಅಲ್ಲಿಗೆ ಸೂಕ್ಷ್ಮವಾದ ವಿದ್ಯುತ್ತು ಹರಿಯುವಂತೆ ಏರ್ಪಡಿಸಿದರು. ಇಲಿಯು ಗಂಟೆಗೆ ನೂರಾರು ಸಲ ತಾನಾಗಿಯೇ ಆ ಸನ್ನೆಯನ್ನು ಒತ್ತತೊಡಗಿತು. ಅನ್ನ, ನೀರು, ಸಂತಾನ, ಸ್ನೇಹ ಇವುಗಳ ಕಡೆಗೆ ಜೀವಿಯನ್ನು ನಡೆಸುವುದಕ್ಕಾಗಿ ಮಿದುಳಿನಲ್ಲಿ ಒಂದು ಏರ್ಪಾಡು ಇರುವುದೆಂದೂ, ಅದರಲ್ಲಿ ಡೋಪಮೀನ್ ಎಂಬ ರಸವು ಮುಖ್ಯವಾದ ಕೆಲಸವನ್ನು ಮಾಡುವುದೆಂದೂ ಮುಂದಿನ ಸಂಶೋಧನೆಗಳಿಂದ ಸ್ಪಷ್ಟವಾಯಿತು. ಮದ್ಯ, ಅಫೀಮು, ಹೊಗೆಸೊಪ್ಪು ಮೊದಲಾದವು ಬದುಕಿಗಾಗಿ ಇರುವ ಈ ಏರ್ಪಾಡನ್ನೇ ತಮ್ಮ ವಶಕ್ಕೆ ತೆಗೆದುಕೊಳ್ಳುತ್ತವೆ. ದಿನದಿನಕ್ಕೆ ಅದೇ ಅಳತೆಯಿಂದ ಮೊದಲಿನ ಮತ್ತು ಬರುವುದಿಲ್ಲ. ಅಳತೆಯು ಏರುತ್ತ ಹೋಗುತ್ತದೆ. ಮಕ್ಕಳ ನಗೆ, ಹೊಲದ ಹಸಿರು, ಹಬ್ಬದ ಊಟ ಇವುಗಳಿಂದ ದೊರೆಯುತ್ತಿದ್ದ ಸಹಜವಾದ ಸಂತೋಷವು ಸಪ್ಪೆಯಾಗುತ್ತದೆ. ಬಿಟ್ಟರೆ ಕೈ ನಡುಗುವುದು, ಬೆವರುವುದು, ನಿದ್ರೆ ಹಾರುವುದು.

ಇದರಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಸುಖ ಬೇರೆ, ತೃಷೆ ಬೇರೆ. ವ್ಯಸನವು ಬಲಿತಂತೆ ಕುಡಿತದಿಂದ ಬರುವ ಸುಖವು ಕುಗ್ಗುತ್ತ, ಕುಡಿಯಬೇಕೆಂಬ ತೃಷೆಯು ಹಿಗ್ಗುತ್ತ ಹೋಗುತ್ತದೆ. ಕೊನೆಗೆ ಸುಖವು ಸತ್ತುಹೋದರೂ ತೃಷೆಯು ಸಾಯುವುದಿಲ್ಲ. ‘ಅಷ್ಟೊಂದು ಕಷ್ಟಪಡುವವನು ಮತ್ತೇಕೆ ಕುಡಿಯುವನು’ ಎಂದು ಮನೆಯವರು ಬೆರಗಾಗುವುದುಂಟು. ಅವನು ಸುಖಕ್ಕಾಗಿ ಕುಡಿಯುತ್ತಿರುವನೆಂದು ಅವರು ಭಾವಿಸಿರುವುದರಿಂದ ಆ ಬೆರಗು ಹುಟ್ಟುತ್ತದೆ. ಬಿಡುವೆನೆಂದು ನಿರ್ಧರಿಸಬೇಕಾದ ಮನಸ್ಸೇ ಸೆರೆಯಲ್ಲಿರುವಾಗ, ‘ಮನಸ್ಸು ಮಾಡಿ ಬಿಡು’ ಎಂದಷ್ಟೇ ಹೇಳುವುದು ಕಾಲಿಗೆ ಕೋಳ ತೊಡಿಸಿದವನಿಗೆ ‘ಎದ್ದು ಓಡು’ ಎಂದಂತೆ.

ಹಾಗಾದರೆ ಒಮ್ಮೆ ಸಿಕ್ಕಿಬಿದ್ದವನಿಗೆ ಬಿಡುಗಡೆಯೇ ಇಲ್ಲವೇ ಎಂಬ ಪ್ರಶ್ನೆಯು ಏಳುವುದು. ಈ ಪ್ರಶ್ನೆಗೆ ದೂರದೇಶದ ಒಂದು ಯುದ್ಧವು ಉತ್ತರ ಕೊಟ್ಟಿದೆ. ವಿಯೆಟ್ನಾಮಿನ ಯುದ್ಧಕ್ಕೆ ಹೋಗಿದ್ದ ಅಮೆರಿಕದ ಸೈನಿಕರಲ್ಲಿ ಬಹುಮಂದಿ ಅಲ್ಲಿ ಅಗ್ಗವಾಗಿ ಸಿಗುತ್ತಿದ್ದ ಹೆರಾಯಿನ್ ಎಂಬ ಘೋರವಾದ ಮಾದಕಕ್ಕೆ ಬಿದ್ದಿದ್ದರು. 1971ರಲ್ಲಿ ಮರಳಿ ಬಂದವರನ್ನು ಲೀ ರಾಬಿನ್ಸ್ ಎಂಬ ವಿದುಷಿಯು ಹುಡುಕಿಸಿ ವಿಚಾರಿಸಿದಳು. ಐವರಲ್ಲಿ ಒಬ್ಬನಷ್ಟು ಜನ ತಾವು ಅಲ್ಲಿ ವ್ಯಸನಿಗಳಾಗಿದ್ದುದಾಗಿ ಒಪ್ಪಿಕೊಂಡರು. ಆದರೆ ಹಾಗೆ ವ್ಯಸನಿಗಳಾಗಿದ್ದವರಲ್ಲಿ, ತಾಯ್ನಾಡಿಗೆ ಬಂದ ಮೊದಲ ವರ್ಷದೊಳಗೆ ಮತ್ತೆ ಆ ವ್ಯಸನಕ್ಕೆ ಬಿದ್ದವರು ನೂರಕ್ಕೆ ಸುಮಾರು 5 ಜನ ಮಾತ್ರ. ಸಾವಿನ ಭಯ, ಬೇಸರ, ಬಂಧುಗಳಿಂದ ಅಗಲಿಕೆ, ಸುತ್ತಲೂ ಅದೇ ಸೇವನೆ ಇವೆಲ್ಲ ಇದ್ದ ಸ್ಥಳವನ್ನು ಬಿಟ್ಟು, ಮನೆ, ಉದ್ಯೋಗ, ಹೆಂಡಿರು ಮಕ್ಕಳು ಇದ್ದ ಸ್ಥಳಕ್ಕೆ ಬಂದೊಡನೆ ಬಹುಮಂದಿಗೆ ಆ ಹಿಡಿತವು ಸಡಿಲಿತು. ವಸ್ತುವಿನ ಬಲವು ಸುಳ್ಳಲ್ಲ; ಆದರೆ ಆ ಬಲಕ್ಕೆ ನೆಲೆ ಕೊಡುವುದು ಮನುಷ್ಯನ ಸುತ್ತಲಿನ ಬದುಕು ಎಂಬುದು ಇದರಿಂದ ಸಿದ್ಧವಾಯಿತು. ಚಿಕಿತ್ಸೆ ಪಡೆದು ಬಂದವನು ಹಳೆಯ ಓಣಿಗೆ, ಹಳೆಯ ಗೆಳೆಯರಿಗೆ, ಮನೆಯ ಹಳೆಯ ಬೈಗುಳಕ್ಕೆ ಮರಳಿದಾಗ ಮತ್ತೆ ಬೀಳುವುದೇಕೆಂಬುದೂ ಇದರಿಂದಲೇ ತಿಳಿಯುವುದು.

ಕರ್ನಾಟಕದ ಅನುಭವವೂ ಇದಕ್ಕೆ ಸಾಕ್ಷಿಯಾಗಿದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿಯ ಮಾರಾಟವು ನಿಂತಿತು. ಅನೇಕ ತಾಯಂದಿರು ನೆಮ್ಮದಿಯ ನಿಟ್ಟುಸಿರು ಬಿಟ್ಟರು. ಆದರೆ ಸಾರಾಯಿಯ ಅಂಗಡಿಯು ಮುಚ್ಚಿದರೂ ತೃಷೆಯು ಮುಚ್ಚಲಿಲ್ಲ. ಬಹುಮಂದಿಯಲ್ಲಿ ಅದು ಬೇರೊಂದು ಮದ್ಯದ ದಾರಿಯನ್ನು ಹುಡುಕಿಕೊಂಡಿತು. ಕಾನೂನು ಬೇಡವೆಂದು ಇದರ ತಾತ್ಪರ್ಯವಲ್ಲ. ಹೊರಗಿನ ಅಂಗಡಿಯನ್ನು ಸರ್ಕಾರವು ಮುಚ್ಚಬಹುದು. ಒಳಗಿನ ಹಸಿವಿಗೆ ತಕ್ಕ ಅನ್ನವನ್ನು ಮನೆಯೂ ಸಮಾಜವೂ ನೀಡಬೇಕು.

ಶಿವಶರಣರ ಬೋಧೆಯು ಇಲ್ಲಿಯೇ ಗೃಹಸ್ಥನ ನೆರವಿಗೆ ಬರುತ್ತದೆ. ಇಂದ್ರಿಯಗಳನ್ನು ಹಿಂಡಿ ಕೊಲ್ಲಬೇಕೆಂಬುದು ಶರಣರ ಮತವಲ್ಲ. ಬಲವಂತವಾಗಿ ಅದುಮಿದ ಆಸೆಯು ಬೇರೊಂದು ಕಡೆ ಒಡೆದು ಹೊರಡುವುದೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ಆದುದರಿಂದಲೇ ಅರ್ಪಿತ-ಪ್ರಸಾದಗಳ ತತ್ತ್ವವನ್ನು ತೋರಿದರು. ಕಣ್ಣು ಕಂಡದ್ದು, ನಾಲಗೆ ಸವಿದದ್ದು, ಕೈ ಮುಟ್ಟಿದ್ದು ಎಲ್ಲವನ್ನೂ ಲಿಂಗಕ್ಕೆ ಅರ್ಪಿಸಿ, ಪ್ರಸಾದವೆಂದು ಸ್ವೀಕರಿಸುವವನಿಗೆ ಭೋಗವೇ ಯೋಗದ ಮೆಟ್ಟಿಲಾಗುವುದು. ಯಾವುದನ್ನು ಲಿಂಗದ ಮುಂದಿರಿಸಲು ಕೈ ಹಿಂಜರಿಯುವುದೋ ಅದನ್ನು ಬಾಯಿಗೂ ಒಯ್ಯಬಾರದೆಂಬ ಅರಿವು ಅಲ್ಲಿ ತಾನಾಗಿಯೇ ಮೂಡುವುದು. ಇಷ್ಟಲಿಂಗವನ್ನು ಕರಸ್ಥಲದಲ್ಲಿ ಹಿಡಿದು ದೃಷ್ಟಿಯಿಡುವ ಸಾಧನೆಗೆ ಸ್ಥಿರವಾದ ಕೈ ಬೇಕು. ವ್ಯಸನಿಯ ಕೈ ಬೆಳಗಾಗುತ್ತಲೇ ನಡುಗುವುದು. ಆ ನಡುಕವನ್ನು ನಿಲ್ಲಿಸಲು ಅವನು ಮತ್ತೆ ಮದ್ಯವನ್ನೇ ಹುಡುಕುವನು. ಹಾಗೆ ನಡುಗುವ ಕೈಯನ್ನು ಕಂಡಾಗ ‘ಈ ಕೈ ಲಿಂಗಕ್ಕೆ ಅನರ್ಹ’ ಎಂದು ತಳ್ಳಬೇಕೋ, ‘ಲಿಂಗವನ್ನು ಹಿಡಿಯಬೇಕಾದ ಕೈ ಹೀಗಾಯಿತಲ್ಲ’ ಎಂದು ಆ ಕೈಯನ್ನು ಹಿಡಿದುಕೊಳ್ಳಬೇಕೋ? ಭಕ್ತನ ಭಕ್ತಿಯು ಒರೆಗೆ ಹತ್ತುವುದು ಇಲ್ಲಿ.

ಹನ್ನೆರಡನೆಯ ಶತಮಾನದ ಕಲ್ಯಾಣವು ಈ ಪ್ರಶ್ನೆಗೆ ನಡೆಯಿಂದಲೇ ಉತ್ತರ ಕೊಟ್ಟಿತು. ಶರಣರ ಸಮೂಹದಲ್ಲಿ ಹೆಂಡದ ಮಾರಯ್ಯನಿದ್ದನು. ಹೆಂಡವನ್ನು ಮಾರುವ ಕಾಯಕದವನಾದ ಆತನು ಧರ್ಮೇಶ್ವರಲಿಂಗವೆಂಬ ಅಂಕಿತದಲ್ಲಿ ವಚನಗಳನ್ನು ನುಡಿದು, ತನ್ನ ವೃತ್ತಿಯ ಮಾತುಗಳನ್ನೇ ಅನುಭಾವದ ಮಾತುಗಳನ್ನಾಗಿ ತಿರುಗಿಸಿದನು. ಹೊರಗಿನ ಮತ್ತನ್ನು ದಿನವೂ ಕಣ್ಣಾರೆ ಕಂಡವನಿಗೆ ಒಳಗಿನ ಮತ್ತು ಎಂಥದೆಂಬುದು ತಿಳಿದಿತ್ತು. ಧನಮದ, ಕುಲಮದ, ವಿದ್ಯಾಮದಗಳೂ ಮದಗಳೇ ಅಲ್ಲವೇ! ಉರಿಲಿಂಗಪೆದ್ದಿಯು ಪೂರ್ವದಲ್ಲಿ ಕಳ್ಳನಾಗಿದ್ದನೆಂದೂ, ಕಳವಿಗೆಂದು ಹೋದ ಮನೆಯಲ್ಲಿ ದೀಕ್ಷೆಯ ದೃಶ್ಯವನ್ನು ಕಂಡು ಮನವು ತಿರುಗಿ, ಗುರುವನ್ನು ಆಶ್ರಯಿಸಿ, ಕೊನೆಗೆ ಗುರುಪೀಠವನ್ನೇ ಏರಿದನೆಂದೂ ಪರಂಪರೆಯು ಹೇಳುತ್ತದೆ. ‘ಮೊದಲು ಶುದ್ಧನಾಗಿ ಬಾ, ಆಮೇಲೆ ಸೇರಿಸಿಕೊಳ್ಳುವೆವು’ ಎಂದು ಆ ಗುರು ಹೇಳಿದ್ದರೆ ಪೆದ್ದಣ್ಣನು ಕಳ್ಳನಾಗಿಯೇ ಸಾಯುತ್ತಿದ್ದನು. ಸೇರಿಸಿಕೊಂಡದ್ದರಿಂದ ಶುದ್ಧನಾದನು.

ಸಂಗದ ಈ ಮಹಿಮೆಯನ್ನು ಅನ್ಯದೇಶಗಳವರೂ ತಮ್ಮದೇ ರೀತಿಯಲ್ಲಿ ಕಂಡುಕೊಂಡಿದ್ದಾರೆ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಕುಡಿತದಿಂದ ನೊಂದ ಇಬ್ಬರು ಪರಸ್ಪರ ಕೂಡಿ ಮಾತನಾಡುತ್ತ, ಒಬ್ಬರಿಗೊಬ್ಬರು ಆಸರೆಯಾಗಿ ಕುಡಿತವನ್ನು ಬಿಟ್ಟರು. ಅದರಿಂದ ಹುಟ್ಟಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಕೂಟವು ಇಂದು ಭಾರತದ ಅನೇಕ ಊರುಗಳಲ್ಲಿಯೂ ನಡೆಯುತ್ತಿದೆ. ನೊಂದವನ ಮಾತು ನೊಂದವನಿಗೆ ನಾಟುವುದೆಂಬುದೇ ಅದರ ಸಾರ. ಶರಣರ ಗೋಷ್ಠಿಯಲ್ಲಿ ಮಡಿವಾಳ, ಅಂಬಿಗ, ಸಮಗಾರರು ಸಮವಾಗಿ ಕುಳಿತು ಅಂತರಂಗವನ್ನು ತೆರೆದದ್ದನ್ನು ಬಲ್ಲವರಿಗೆ ಇದು ಹೊಸತೆನಿಸದು.

ಇತ್ತೀಚಿನ ಕಾಲದಲ್ಲಿ ಇದೇ ತತ್ತ್ವವನ್ನು ಬೀದಿಗೆ ತಂದವರು ಚಿತ್ತರಗಿ-ಇಳಕಲ್ಲ ವಿಜಯಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು (1930–2018). 1975ರಲ್ಲಿ ಅವರು ‘ಮಹಾಂತ ಜೋಳಿಗೆ’ಯನ್ನು ಹಿಡಿದು ಹೊರಟರು. ಜಂಗಮನ ಜೋಳಿಗೆಗೆ ಜೋಳವನ್ನೋ ಹಿಟ್ಟನ್ನೋ ಕಾಣಿಕೆಯನ್ನೋ ಹಾಕುವುದು ರೂಢಿ. ಅವರು ಬೇಡಿದ ಭಿಕ್ಷೆಯೇ ಬೇರೆ. ‘ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರಿ’ ಎಂಬುದೇ ಆ ಭಿಕ್ಷೆ. ಕುಡಿತ, ತಂಬಾಕು, ಜೂಜುಗಳನ್ನು ಬಿಡುವ ಸಂಕಲ್ಪವನ್ನು ಜನರು ಆ ಜೋಳಿಗೆಗೆ ಅರ್ಪಿಸಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ.

ಈ ಜೋಳಿಗೆಯ ಮರ್ಮವನ್ನು ಸ್ವಲ್ಪ ನಿಂತು ಯೋಚಿಸಬೇಕು. ವ್ಯಸನಿಯು ಎಲ್ಲರ ಮುಂದೆಯೂ ಕೈಯೊಡ್ಡಿ ಒಡ್ಡಿ ಕೀಳಾದವನು. ಅಂಗಡಿಯವನಿಗೆ ಸಾಲಗಾರ, ಹೆಂಡತಿಗೆ ಅಪರಾಧಿ, ಮಕ್ಕಳ ಕಣ್ಣಿಗೆ ಭಯ. ಅಂಥವನ ಎದುರಿಗೆ ಗುರುವೇ ಬಂದು ಜೋಳಿಗೆಯೊಡ್ಡಿ ಬೇಡಿದಾಗ, ಬಹುಕಾಲದ ಮೇಲೆ ಅವನು ಕೊಡುವವನಾಗುತ್ತಾನೆ. ಕೊಡಲು ತನ್ನಲ್ಲಿಯೂ ಒಂದು ಉಂಟು, ಅದನ್ನು ಸ್ವೀಕರಿಸುವವರೂ ಉಂಟು ಎಂಬ ಭಾವನೆಯಿಂದ ಅವನ ಬಾಗಿದ ತಲೆಯು ಮೇಲೇಳುತ್ತದೆ. ಬೈಗುಳದಿಂದ ಎಂದೂ ಬಾರದ ಬಲವು ಈ ಗೌರವದಿಂದ ಬರುತ್ತದೆ.

ಆದರೆ ಸಂಕಲ್ಪದೊಡನೆ ವಿವೇಕವೂ ಇರಬೇಕು. ಬಹುಕಾಲ ವಿಪರೀತವಾಗಿ ಕುಡಿದವನು ದೇವರ ಮೇಲೆ ಆಣೆಯಿಟ್ಟು ಒಮ್ಮಿಂದೊಮ್ಮೆಲೇ ನಿಲ್ಲಿಸಿದಾಗ, ಎರಡು ಮೂರು ದಿನಗಳೊಳಗೆ ಕೆಲವರಿಗೆ ಮೈ ನಡುಕ, ಮೂರ್ಛೆಯ ಸೆಳೆತ, ಇಲ್ಲದ್ದನ್ನು ಕಂಡು ಬೆದರುವಿಕೆ, ಹಗಲು ರಾತ್ರಿಗಳ ಪರಿವೆಯಿಲ್ಲದ ಭ್ರಮೆ ಇವು ತಲೆದೋರುವುದುಂಟು. ಮನೆಯವರು ಗಾಳಿ ಸೋಕಿತೆಂದು ಅಂತ್ರ ಕಟ್ಟಿಸಲು ಓಡುವರು. ಇಲ್ಲವೆ ಆಣೆ ಇಟ್ಟದ್ದೇ ತಪ್ಪಾಯಿತೆಂದು ಮತ್ತೆ ಕುಡಿಸುವರು. ಇದು ಗಾಳಿಯೂ ಅಲ್ಲ, ದೈವಕೋಪವೂ ಅಲ್ಲ. ಮದ್ಯಕ್ಕೆ ಒಗ್ಗಿಹೋದ ನರಮಂಡಲವು ಅದು ದೊರೆಯದೆ ತೋರುವ ವಿಕಾರವಿದು. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಕ್ಕೂ ಅಪಾಯವುಂಟು. ಇಂಥವನನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬಿಡುವ ಮೊದಲೇ ವೈದ್ಯರನ್ನು ಕಾಣುವುದು ಇನ್ನೂ ಉತ್ತಮ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಮೊದಲಾದ ಕಡೆಗಳಲ್ಲಿ ಇದಕ್ಕೆ ಚಿಕಿತ್ಸೆಯುಂಟು. ಮನದ ಕಟ್ಟನ್ನು ಗುರು ಬಿಡಿಸುವನು, ದೇಹದ ಕಟ್ಟನ್ನು ವೈದ್ಯನು ಬಿಡಿಸುವನು. ಕಾಯವನ್ನು ಕೈಲಾಸಸಾಧನವೆಂದು ಬಗೆಯುವ ಮತದಲ್ಲಿ ಇವೆರಡಕ್ಕೂ ವಿರೋಧವಿಲ್ಲ.

ಆದರೂ ಬಹುಜನರು ವೈದ್ಯರ ಬಾಗಿಲಿಗೆ ಹೋಗುವುದೇ ಇಲ್ಲ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯವರು ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ ಸುಮಾರು 16 ಕೋಟಿ ಜನರು ಮದ್ಯಪಾನ ಮಾಡುವವರು, ಅವರಲ್ಲಿ 5.7 ಕೋಟಿಗೂ ಮಿಕ್ಕ ಜನರಿಗೆ ಅದರಿಂದ ಬಿಡಿಸಿಕೊಳ್ಳಲು ನೆರವು ಬೇಕಾಗಿದೆ. ಆದರೆ ಮದ್ಯಕ್ಕೆ ಅಧೀನರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿದೆ. ಉಳಿದ ಮೂವತ್ತೇಳು ಮಂದಿ ಎಲ್ಲಿರುವರು? ಮನೆಗಳೊಳಗೇ ಇರುವರು, ಮಾನಮರ್ಯಾದೆಯೆಂಬ ಪರದೆಯ ಹಿಂದೆ.

ಆ ಪರದೆಯ ಹಿಂದೆ ನಡೆಯುವ ಕಾರ್ಯಗಳಲ್ಲಿ ಒಂದನ್ನಂತೂ ಭಕ್ತರಾದವರು ಕೂಡಲೇ ನಿಲ್ಲಿಸಬೇಕು. ಕುಡಿಯುವ ಮಗನಿಗೆ ‘ಮದುವೆ ಮಾಡಿದರೆ ಸರಿಹೋಗುವನು’ ಎಂದು, ವಿಷಯವನ್ನು ಮುಚ್ಚಿಟ್ಟು ಅನ್ಯರ ಮಗಳನ್ನು ತರುವುದುಂಟು. ಕನ್ಯೆಯು ಔಷಧವಲ್ಲ. ಒಬ್ಬನ ರೋಗವನ್ನು ಅಡಗಿಸಲು ಇನ್ನೊಂದು ಜೀವವನ್ನು ಬಲಿಕೊಟ್ಟಂತಾಯಿತು ಅದು. ಲಿಂಗಮುಂದಿಟ್ಟು ನಡೆಸಿದ ಕಲ್ಯಾಣವೆಂದ ಮಾತ್ರಕ್ಕೆ ಆ ಸುಳ್ಳು ಸತ್ಯವಾಗದು. ಅಂತೆಯೇ ದಯೆಯೆಂದರೆ ಅವನ ಸಾಲವನ್ನು ತೀರಿಸುತ್ತ ಹೋಗುವುದಲ್ಲ, ಕೇಳಿದಾಗಲೆಲ್ಲ ಹಣ ಕೊಡುವುದಲ್ಲ, ಕಾಯಕಕ್ಕೆ ತಪ್ಪಿಸಿಕೊಂಡದ್ದಕ್ಕೆ ಅವನ ಪರವಾಗಿ ಸುಳ್ಳು ಹೇಳುವುದಲ್ಲ. ಹೊಡೆತವನ್ನು ಸಹಿಸಿಕೊಂಡು ಸತಿಯು ಮೌನವಾಗಿರಬೇಕೆಂಬುದಂತೂ ಶರಣಧರ್ಮವೇ ಅಲ್ಲ; ಅವಳಿಗೂ ಮಕ್ಕಳಿಗೂ ಮೊದಲು ರಕ್ಷಣೆ ದೊರೆಯಬೇಕು. ಅನ್ಯಾಯವನ್ನು ಸಹಿಸದ ಗಣಾಚಾರವೂ, ಕಿಂಕರನಾಗಿ ಸೇವೆ ಮಾಡುವ ಭೃತ್ಯಾಚಾರವೂ ಪಂಚಾಚಾರಗಳಲ್ಲಿ ಒಟ್ಟಿಗೇ ಇರುವುವಷ್ಟೆ. ವ್ಯಸನಕ್ಕೆ ಒಲ್ಲೆನೆಂದು, ವ್ಯಸನಿಗೆ ಬಾ ಎಂದು ಏಕಕಾಲದಲ್ಲಿ ಹೇಳಬಲ್ಲ ಮನೆಯು ಆ ಎರಡು ಆಚಾರಗಳನ್ನೂ ನಡೆಸಿದಂತಾಗುವುದು.

ಕೊನೆಯದಾಗಿ ಇನ್ನೊಂದು ಮಾತು. ಬಿಟ್ಟವನು ಮತ್ತೆ ಒಮ್ಮೆ ಎಡವಬಹುದು, ಅನೇಕರು ಎಡವುತ್ತಾರೆ. ಆಗ ‘ನಾಯಿಯ ಬಾಲ ಡೊಂಕೇ’ ಎಂದು ಕೈಬಿಟ್ಟರೆ ಅವನು ನಿಜವಾಗಿಯೂ ಕೆಡುವನು. ಲಿಂಗಪೂಜೆಯನ್ನು ಒಮ್ಮೆ ಮಾಡಿ ಮುಗಿಯಿತೆಂದು ಯಾವ ಭಕ್ತನೂ ಕುಳಿತುಕೊಳ್ಳುವುದಿಲ್ಲ. ನಿತ್ಯವೂ ಹೊಸದಾಗಿ ಮಾಡುವನು. ವ್ಯಸನವನ್ನು ಬಿಡುವ ವ್ರತವೂ ಹಾಗೆಯೇ ನಿತ್ಯವ್ರತ. ಇಂದು ಒಂದು ದಿನ ಬಿಟ್ಟವನಿಗೆ ಇಂದಿನ ಜಯವು ಸಂದಿತು. ಅವನಿಗೊಂದು ಕಾಯಕವನ್ನು ಒದಗಿಸುವುದು, ಸಂಜೆಯ ಹೊತ್ತು ಹಳೆಯ ಓಣಿಯತ್ತ ಹೋಗದಂತೆ ಜೊತೆಗಿರುವುದು, ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಉಣ್ಣುವುದು ಇವು ಸಣ್ಣ ಕಾರ್ಯಗಳೆಂದು ತೋರಬಹುದು. ಆದರೆ ದಾಸೋಹವೆಂಬುದು ಇಂಥವುಗಳಿಂದಲೇ ಆದುದು. ದುಃಖದಿಂದ ಹುಟ್ಟಿದ ವ್ಯಸನವು ಒಲವಿನ ಆಸರೆಯಲ್ಲಿ ಕರಗಬೇಕಲ್ಲದೆ ಮತ್ತಷ್ಟು ದುಃಖವನ್ನು ಸುರಿಯುವುದರಿಂದ ಕರಗದು. ನಡುಗುವ ಕೈಗಳು ಸ್ಥಿರವಾಗಿ ಮತ್ತೆ ಲಿಂಗವನ್ನು ಹಿಡಿಯುವಂತೆಯೂ, ಅಂಥ ಕೈಗಳನ್ನು ಹಿಡಿಯುವ ಮನವು ಸರ್ವರಿಗೂ ಬರುವಂತೆಯೂ ಪರಶಿವನು ಕರುಣಿಸಲಿ.